ನೂಲು ಒಣಗುವ ಹಿತ್ತಲಲ್ಲಿ ರಾಜಗಿರಿ

ಮೋತಿಬಿ ಸೀರೆಯ ನೆರಿಗೆ ಮೇಲೆ ಸಿಕ್ಕಿಸಿಕೊಂಡು ನೀಲಿ ನೂಲಿನ ಲಡಿ ಹಿಂಡುತ್ತಿದ್ದಳು. ಲಡಿಯ ಒಂದು ತುದಿ ಗೂಟಕ್ಕೆ ಹಾಕಿ, ಇನ್ನೊಂದು ತುದಿಗೆ ಕೋಲು ತೂರಿಸಿ ತಿರುವಿದಾಗ ನೀರು ಬಳಬಳ ಇಳಿಯುತ್ತಿತ್ತು. ಇನ್ನೂ ಅರ್ಧ ಬಾನಿ ಲಡಿ ಉಳಿದಿತ್ತು. ಹೊತ್ತು ಮುಳುಗಿತ್ತು, ಆದರೆ ಕತ್ತಲೆ ಬಿದ್ದಿರಲಿಲ್ಲ. ಗಳದ ಮೇಲೆ ಹರವಿದ ನೂಲಿನಲ್ಲಿ ಕೆಂಪು ಯಾವುದು, ನೀಲಿ ಯಾವುದು ಎಂದು ಗುರುತು ಹಿಡಿಯುವಷ್ಟು ಬೆಳಕು ಇನ್ನೂ ಇತ್ತು.

ಮೊಮ್ಮಗಳು ದಿಲಶಾದ ಒಳಗಿನಿಂದ ಬಂದಳು. ನಾಲ್ಕು ವರ್ಷದ ಹುಡುಗಿ. ಗೋಡೆ ಸವರಿಕೊಂಡು ಬಂದವಳು ನೆಟ್ಟಗೆ ನಡೆದು ನೆಲದಲ್ಲಿ ಹೂತಿದ್ದ ಬಾನಿಯೊಳಗೆ ಕಾಲಿಟ್ಟು ದಡ್ಡನೆ ಬಿದ್ದಳು.

"ಅಯ್ಯ ನಿನ್ನ! ಇಷ್ಟು ದೊಡ್ಡ ಬಾನಿ ಕಾಣಲಿಲ್ಲೇನ?" ಎಂದು ಮೋತಿಬಿ ಕೂಗಿದಳು.

ಎದೆಮಟ್ಟ ನೀಲಿ ನೀರಿನಲ್ಲಿ ಕುಳಿತ ಹುಡುಗಿ ಅತ್ತ ಇತ್ತ ತಿರುಗಿ, "ಬಾನಿ ಎಲ್ಲೈತಿ ನಾನಿ?" ಎಂದಳು.

ಮೋತಿಬಿ ಕೋಲು ಬಿಟ್ಟು ಬಾನಿಯ ಕಡೆ ಧಾವಿಸಿದಳು. ಮಗುವನ್ನು ಎತ್ತಿಕೊಂಡು, ಮುಖದ ಮುಂದೆ ಕೆಂಪು ಲಡಿ ಹಿಡಿದು ಕೇಳಿದಳು: "ಇದು ಯಾವ ಬಣ್ಣ, ಹೇಳವಾ."

"ರಾತ್ರಿ ಆಗೇತಲ್ಲ ನಾನಿ. ದೀಪ ಹಚ್ಚು."

ಬೆಟಗೇರಿಯ ಆ ಓಣಿಯಲ್ಲಿ ಮಗ್ಗದವರೂ ಬಣ್ಣದವರೂ ಗೋಡೆಗೆ ಗೋಡೆ ಹಚ್ಚಿಕೊಂಡು ಬಾಳುತ್ತಿದ್ದರು. ಮೋತಿಬಿಯ ಗಂಡ ಉಸ್ಮಾನಸಾಬ ನೂಲಿಗೆ ಬಣ್ಣ ಹಾಕುವವನು. ಒಬ್ಬಳೇ ಮಗಳು ರಹಿಮತಬಿಯನ್ನು ಮುಂಡರಗಿ ಕಡೆಯ ಕೊರ್ಲಹಳ್ಳಿಗೆ ಕೊಟ್ಟಿದ್ದರು. ಎಪ್ಪತ್ತೊಂಬತ್ತನೆಯ ಇಸವಿಯ ಮಳೆಗಾಲದಲ್ಲಿ ಅವಳು ಎರಡನೆಯ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡುಕೂಸನ್ನು ಎತ್ತಿಕೊಂಡು ತಿರುಗಿ ಹೋಗುವಾಗ ದೊಡ್ಡವಳನ್ನು ಇಲ್ಲೇ ಬಿಟ್ಟಳು. ಎರಡನ್ನೂ ಒಮ್ಮೆಲೇ ಸಂಬಾಳಿಸುವಷ್ಟು ಮೈಯಲ್ಲಿ ಕಸುವು ಇರಲಿಲ್ಲ. ಹೋಗಿ ಕೆಲವೇ ದಿನಕ್ಕೆ ಅವಳ ಕಾಗದ ಬಂತು. ದಿಲಶಾದ ಹೆಂಗದಾಳ, ಜಲ್ದಿ ಖಬರ ಕಳಸ್ರಿ ಎಂದು ಬರೆದಿದ್ದಳು.

"ಇವತ್ತ ಬರೀಲೇನ?" ಎಂದು ಆ ಸಂಜೆ ಉಸ್ಮಾನಸಾಬ ಕೇಳಿದ. ಮಗಳು ಹೋದ ಮೇಲೆ ಮನೆಯಲ್ಲಿ ಬರೆಯಬಲ್ಲವನು, ನಾಲ್ಕನೆಯ ಇಯತ್ತೆ ಓದಿದ ಅವನೊಬ್ಬನೇ.

"ತಡೀರಿ," ಎಂದಳು ಮೋತಿಬಿ. "ಏನಂತ ಬರೀತೀರಿ? ಕೂಸಿಗೆ ಸಂಜೀಮುಂದ ಕಣ್ಣು ಕಾಣೂದಿಲ್ಲ ಅಂತ ಬರೀತೀರೇನ? ಹೆಣ್ಣು ಹುಡುಗಿ. ಅಕೀ ಅತ್ತಿ ಕಿವಿಗೆ ಬಿದ್ರ ಊರೆಲ್ಲ ಕುರುಡಿ ಅಂತಾರ. ಮೊದಲ ಕಣ್ಣು ನೆಟ್ಟಗಾಗ್ಲಿ."

ಬಾನಿಯಲ್ಲಿ ಬಿದ್ದ ಸಪ್ಪಳವೂ ಆಮೇಲಿನ ಮಾತೂ ಪಕ್ಕದ ಮನೆಯ ಗುರುಸಿದ್ದವ್ವನಿಗೆ ಕೇಳಿಸಿತ್ತು. ಅವಳ ಮನೆಯಲ್ಲಿ ಎರಡು ಮಗ್ಗ, ಒಂದು ಎಮ್ಮೆ. ಗೋಡೆಯ ಆಚೆಯಿಂದ ಅರ್ಧ ಮುಖ ತೋರಿಸುತ್ತ ಮಾತಾಡುವುದು ಅವಳ ರೂಢಿ. ಮರುದಿನ ಮುಂಜಾನೆಯೇ ಅವಳು ಓಣಿಗೆ ಬಂದಿದ್ದ ನರ್ಸಬಾಯಿಯನ್ನು ಕೈಹಿಡಿದು ಕರೆದುಕೊಂಡು ಬಂದಳು.

ನರ್ಸಬಾಯಿ ದಿಲಶಾದಳನ್ನು ಬಿಸಿಲಿಗೆ ನಿಲ್ಲಿಸಿ ಕಣ್ಣಿನ ರೆಪ್ಪೆ ಅಗಲಿಸಿ ನೋಡಿದಳು. ಬಿಳಿ ಭಾಗದ ಒಂದು ಬದಿಗೆ ಸೋಪಿನ ನೊರೆಯಂಥ ಸಣ್ಣ ಕಲೆ ಇತ್ತು.

"ಇದಕ್ಕ ಇರುಳುಗಣ್ಣು ಅಂತಾರ ಅವ್ವಾ. ದೃಷ್ಟಿ ತಗದು ಒಗದ್ರ ಹೋಗೂದಲ್ಲ. ಇನ್ನೂ ತಡಾ ಮಾಡಿದ್ರ ಹಗಲಗಣ್ಣೂ ಹೋಗತಿತ್ತು. ಛಲೋ ಆತು, ವ್ಯಾಳ್ಯಾಕ್ಕ ಗೊತ್ತಾತು."

ಅವಳು ಒಂದು ಚಮಚ ಎಣ್ಣೆಯಂಥ ಔಷಧಿ ಕುಡಿಸಿದಳು. ನಾಳೆ ದವಾಖಾನೆಗೆ ಕರೆದುಕೊಂಡು ಬರಬೇಕು, ಡಾಕ್ಟರರು ನೋಡಬೇಕು ಎಂದು ಹೇಳಿದಳು. ಮೋತಿಬಿ ಹೋದಳು. ಡಾಕ್ಟರರು ಹೇಳಿದಂತೆ ಮತ್ತೆ ಔಷಧಿ ಕುಡಿಸಿದಳು. ಎರಡನೆಯ ವಾರದ ಹೊತ್ತಿಗೆ ಹುಡುಗಿ ಸಂಜೆ ಗೋಡೆ ಸವರುವುದನ್ನು ಬಿಟ್ಟಳು.

"ಆತಲ್ಲ, ಕಾಗದ ಬರೀತೀನಿ," ಎಂದ ಉಸ್ಮಾನಸಾಬ.

ಆದರೆ ನರ್ಸಬಾಯಿ ಹೇಳಿದ ಇನ್ನೊಂದು ಮಾತು ಮೋತಿಬಿಯ ತಲೆಯಲ್ಲಿ ಕುಳಿತಿತ್ತು. "ಔಷಧಿ ಅಂದ್ರ ಬತ್ತಿದ ಚಿಮಣಿಗೆ ಒಮ್ಮೆ ಎಣ್ಣಿ ಹಾಕಿದಂಗ. ದಿನಾ ಉರೀಬೇಕಂದ್ರ ದಿನಾ ಎಣ್ಣಿ ಬೇಕಲ್ಲ? ಆ ಎಣ್ಣಿ ನಿಮ್ಮ ಅಡಗಿಮನಿಂದ ಬರಬೇಕು. ತಪ್ಪಲ ಪಲ್ಲೆ ತಿನ್ನಸ್ರಿ. ಗಜ್ಜರಿ, ಹಣ್ಣಾದ ಪಪ್ಪಾಯಿ, ಕುಂಬಳಕಾಯಿ, ಯಾವುದು ಸಿಗತೈತಿ ಅದು. ಮ್ಯಾಲ ಒಂದೀಟ ಎಣ್ಣಿ ಒಗ್ಗರಣಿ. ಇಲ್ಲಂದ್ರ ಮತ್ತ ಹಳೇ ಪಾಡು."

ತಪ್ಪಲ ಎಂದರೆ ಸೊಪ್ಪು. ಆ ಮನೆಯಲ್ಲಿ ಸೊಪ್ಪು ಬೇಯುತ್ತಿದ್ದುದು ಸಂತೆಯ ದಿನ ಮಾತ್ರ. ಉಳಿದ ದಿನ ರೊಟ್ಟಿ, ಬೇಳೆ, ಕೆಂಪುಖಾರ, ಉಳ್ಳಾಗಡ್ಡಿ. ದುಡಿಯುವವರ ಹೊಟ್ಟೆ ಅದರಲ್ಲಿ ತುಂಬುತ್ತಿತ್ತು. ಮಗುವಿನ ಕಣ್ಣಿಗೆ ಅದು ಸಾಲದೆಂದು ಯಾರೂ ಯೋಚಿಸಿರಲಿಲ್ಲ.

"ಹಿತ್ತಲದಾಗ ತಪ್ಪಲ ಹಾಕ್ತೀನಿ," ಎಂದಳು ಮೋತಿಬಿ. "ಅದು ಬರ್ಲಿ. ಕೂಸು ದಿನಾ ತಿನ್ನಾಕ ಹತ್ತಿದ ಮ್ಯಾಲ ಕಾಗದ ಬರಿಯೂಣು. ಅಲ್ಲೀತನಕ ನನಗ ಧೈರ್ಯ ಇಲ್ಲ."

ಉಸ್ಮಾನಸಾಬ ನಕ್ಕ. "ಬಣ್ಣದವರ ಹಿತ್ತಲ ಇದು, ತ್ವಾಟದವರ ಮಡಿ ಅಲ್ಲ. ಇಲ್ಲಿ ನೂಲು ಒಣಗತಾವು. ಬಳ್ಳಿ ಹಬ್ಬಿ, ಎಲಿ ರಸ ನೂಲಿಗೆ ಹತ್ತಿತಂದ್ರ ಮಗ್ಗದವ್ರು ಲಡಿ ತಂದು ನನ್ನ ಮಾರಿ ಮ್ಯಾಲ ಒಗೀತಾರ."

ಗೋಡೆಯ ಮೇಲೆ ಗುರುಸಿದ್ದವ್ವನ ಅರ್ಧ ಮುಖ ಮೂಡಿತು. "ಬಳ್ಳಿ ಹಚ್ಚು ಅಂತ ಯಾರಂದ್ರು ಉಸ್ಮಾನಣ್ಣಾ? ಗಳದ ಕೆಳಗ ಮೊಣಕಾಲುದ್ದ ರಾಜಗಿರಿ. ನಿಮ್ಮ ನೂಲು ಮುಟ್ಟಬೇಕಂದ್ರ ಅದು ಏಣಿ ಹಚ್ಚಬೇಕು."

"ನಿಮ್ಮ ಕಿವಿ ಯಾವಾಗಲೂ ಗೋಡಿ ಮ್ಯಾಲ ಇರತಾವೇನ?"

"ಕಿವಿ ಅಷ್ಟ ಅಲ್ರಿ, ಬೀಜಾನೂ ತಂದೀನಿ," ಎಂದು ಅವಳು ಸೆರಗಿನ ಗಂಟು ಬಿಚ್ಚಿದಳು. ರಾಜಗಿರಿ ಸೊಪ್ಪಿನ, ಮೆಂತೆಯ ಬೀಜ, ಜೊತೆಗೆ ಚವಳಿಕಾಯಿಯ, ಅಂದರೆ ಗೋರಿಕಾಯಿಯ, ನಾಲ್ಕು ಬೀಜ.

ಉಸ್ಮಾನಸಾಬ ಕೊನೆಗೆ ಕಡೆಯ ಗಳದ ಕೆಳಗಿನ ಪಟ್ಟಿ ಬಿಟ್ಟುಕೊಟ್ಟ. "ಅಲ್ಲಿಂದ ಒಂದು ಗೇಣು ಮುಂದ ಬಂದ್ರ ಕಿತ್ತೊಗೀತೀನಿ ನೋಡು," ಎಂದೂ ಹೇಳಿದ.

ಮೋತಿಬಿ ಕಲ್ಲು ಆಯ್ದಳು, ಅಗೆದಳು, ಗುರುಸಿದ್ದವ್ವನ ಮನೆಯ ಹಳೆಯ ಎಮ್ಮೆಗೊಬ್ಬರ ಕಲಸಿದಳು. ಬೀಜ ಹಾಕಿದ ಮರುದಿನವೇ ಓಣಿಯ ಕೋಳಿಗಳು ಬಂದು ಮಡಿಯನ್ನೆಲ್ಲ ಕೆದರಿ ಮಣ್ಣುಸ್ನಾನ ಮಾಡಿದವು. ಮತ್ತೆ ಬೀಜ ಹಾಕಿ, ಸುತ್ತಲೂ ಮುಳ್ಳುಕಂಟಿ ಹಚ್ಚಿದಳು. ಈ ಸಲ ಮೊಳಕೆ ಬಂದವು. ದಿಲಶಾದ ಮುಂಜಾನೆ ಎದ್ದು ಮುಖ ತೊಳೆಯುವ ಮೊದಲೇ ಅವುಗಳನ್ನು ನೋಡಲು ಓಡುತ್ತಿದ್ದಳು.

ನೀರಿನದೇ ಚಿಂತೆ. ಆ ಓಣಿಯಲ್ಲಿ ನಳದ ನೀರು ದಿನಾ ಬರುತ್ತಿರಲಿಲ್ಲ. ಬಂದ ದಿನ ಕೊಡ, ಹಂಡೆ ಎಲ್ಲ ತುಂಬಿಟ್ಟು, ಮುಂದಿನ ಸಲದವರೆಗೆ ಅಳೆದು ಅಳೆದು ಬಳಸಬೇಕು. ನೂಲು ಜಾಲಿಸಿದ ನೀರು ಮಾತ್ರ ಬಾನಿ ಬಾನಿಗಟ್ಟಲೆ ಸುಮ್ಮನೆ ಗಟಾರಕ್ಕೆ ಹೋಗುತ್ತಿತ್ತು. ಇಷ್ಟು ನೀರು ಹಾಳಾಗುವುದು ಮೋತಿಬಿಗೆ ಸರಿಬರಲಿಲ್ಲ. ಬಚ್ಚಲುಕಲ್ಲಿನಿಂದ ಮಡಿಯವರೆಗೆ ಸಣ್ಣ ಕಾಲುವೆ ತೋಡಿ ಆ ನೀರನ್ನು ತಿರುಗಿಸಿದಳು. ಒಂದು ಹನಿಯೂ ಗಟಾರಕ್ಕೆ ಹೋಗದಂತೆ ಮಾಡಿದೆನೆಂದು ಅವಳಿಗೆ ಹಿಗ್ಗು.

ಒಂದು ವಾರ ಕಳೆಯಿತು. ರಾಜಗಿರಿಯ ಎಲೆಯ ಅಂಚು ಬೆಂಕಿ ತಾಗಿದಂತೆ ಸುಟ್ಟಿತು. ಮೆಂತೆ ಬಿಳಿಚಿ ಮಲಗಿತು. ಚವಳಿಯ ಬುಡ ಕಪ್ಪಾಯಿತು. ಮೋತಿಬಿ, ಬಾಯಾರಿರಬೇಕೆಂದು ಇನ್ನಷ್ಟು ನೀರು ಬಿಟ್ಟಳು. ಮತ್ತೆರಡು ದಿನಕ್ಕೆ ಮಡಿಯಲ್ಲಿ ಹಸಿರೆಂಬುದು ಉಳಿಯಲಿಲ್ಲ.

"ನಾ ಅಂದಿದ್ನಲ್ಲ," ಎಂದ ಉಸ್ಮಾನಸಾಬ. ಅದೇ ವಾರ ಕೊರ್ಲಹಳ್ಳಿಯಿಂದ ಎರಡನೆಯ ಕಾಗದ ಬಂತು. ಮೊದಲ ಕಾಗದಕ್ಕೆ ಇವರು ಮುಂಡರಗಿ ಸಂತೆಗೆ ಹೋಗುವವರ ಕೈಯಲ್ಲಿ 'ಆರಾಮ ಅದಾಳ' ಎಂದು ಬಾಯಿಮಾತು ಕಳಿಸಿದ್ದರು. ಅದರಿಂದ ರಹಿಮತಬಿಗೆ ಸಮಾಧಾನವಾಗಿರಲಿಲ್ಲ. ಸಣ್ಣ ಕೂಸನ್ನು ಬಿಟ್ಟು ಬರಾಕ ಆಗವಲ್ದು ಅಮ್ಮಾ, ನೀವ ಎರಡು ಸಾಲು ಬರೀರಿ ಎಂದು ಕೇಳಿದ್ದಳು.

"ಇನ್ನೊಂದೀಟ ತಡೀರಿ," ಎಂದಳು ಮೋತಿಬಿ. ಸುಟ್ಟ ಮಡಿಯ ಮುಂದೆ ಕುಳಿತು ಒಣಗಿದ ಗಿಡ ಕೀಳತೊಡಗಿದಳು.

ಕೀಳುತ್ತ ಕೀಳುತ್ತ ಅವಳ ಕೈ ನಿಂತಿತು. ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿತ್ತು. ಬೆರಳಲ್ಲಿ ತಿಕ್ಕಿದರೆ ಜಾರುಜಾರು. ಬೆರಳಿನ ಒಡಕಿಗೆ ತಾಗಿದಾಗ ಚುರುಕ್ ಎಂದು ಉರಿಯಿತು. ಈ ಉರಿ ಅವಳಿಗೆ ಹೊಸದಲ್ಲ. ಬಣ್ಣ ಹಿಡಿಯಲೆಂದು ಗಂಡ ಸೋಡಾ ಹಾಕಿ ನೂಲು ಕುದಿಸಿದ ದಿನ ಜಾಲಿಸುವ ಕೈಗೆ ಇದೇ ಉರಿ. ಅವಳು ಕುಳಿತಲ್ಲಿಂದಲೇ ತಿರುಗಿ ನೋಡಿದಳು. ಕುಡಿಯುವ ನೀರಿನ ಕೊಡ ಇಡುವ ಕಟ್ಟೆಯ ಬುಡದಲ್ಲಿ, ಎಂದೋ ಬೀಜ ಬಿದ್ದು ಎದ್ದ ಒಂದೇ ಒಂದು ರಾಜಗಿರಿ ಗಿಡ ಕೆಂಪು ದಂಟು ಹೊತ್ತು ಗಟ್ಟಿಯಾಗಿ ನಿಂತಿತ್ತು. ಕಾಲುವೆಯ ನೀರು ಅಲ್ಲಿಗೆ ಹೋಗುತ್ತಿರಲಿಲ್ಲ.

"ಬರ್ರಿ ಇಲ್ಲಿ," ಎಂದು ಗಂಡನನ್ನು ಕರೆದಳು. "ಮಣ್ಣು ಕೆಟ್ಟದ್ದಲ್ಲ, ನನ್ನ ಕೈಗುಣಾನೂ ಅಲ್ಲ. ನೀರು ಕುಡಸತೀನಿ ಅಂತ ದಿನಾ ಸೋಡಾ ಕುಡಸೀನಿ ನಾ."

ಉಸ್ಮಾನಸಾಬ ಮಣ್ಣು ಮುಟ್ಟಿ ನೋಡಿದ. "ಖರೆ," ಎಂದ. "ನನ್ನ ಸೋಡಾ ನನಗ ಗೊತ್ತಿಲ್ಲೇನ? ಕಣ್ಣ ಮುಂದ ಕಾಲುವಿ ಹರೀತಿತ್ತು, ತಲೀಗೆ ಹೊಳೀಲಿಲ್ಲ ನೋಡು. ಇದ್ರಾಗ ಬೆಳದದ್ದು ಕೂಸಿಗೆ ತಿನ್ನಸಿದ್ದರ ಏನಾಗತಿತ್ತೋ." ಆಮೇಲೆ ಎದ್ದು ಹಾರೆ ತಂದ.

ಇಬ್ಬರೂ ಸೇರಿ ಮೊಳದಾಳದ ಮಣ್ಣು ತೆಗೆದು ಹೊರಗೆ ಚೆಲ್ಲಿದರು. ಕಾಲುವೆ ಮುಚ್ಚಿದರು. ಕೊಡದ ಕಟ್ಟೆಯ ಕಡೆಗೆ ಹೊಸ ಮಣ್ಣು, ಹೊಸ ಗೊಬ್ಬರ ಹಾಕಿ ಮಡಿ ಮಾಡಿ ಮತ್ತೆ ಬೀಜ ಬಿತ್ತಿದರು. ಉಸ್ಮಾನಸಾಬ ಹುರುಪಿನಲ್ಲಿ ಎರಡು ಖಾಲಿ ಬಣ್ಣದ ಡಬ್ಬಿ ತಂದು, "ಇದ್ರಾಗ ಪುದೀನಾ ಹಚ್ಚು," ಎಂದ. "ಡಬ್ಬಿ ಬ್ಯಾಡ್ರಿ, ಒಮ್ಮೆ ಸುಟಗೊಂಡದ್ದು ಸಾಕು," ಎಂದು ಮೋತಿಬಿ ಹಿಂದಕ್ಕೆ ಕೊಟ್ಟಳು. ಒಡೆದ ಮಣ್ಣಿನ ಗಡಿಗೆಯಲ್ಲಿ ಪುದೀನಾ ನೆಟ್ಟಳು.

ಮತ್ತೆ ನೀರಿನ ಮಾತು ಬಂತು. "ಬಣ್ಣದ ನೀರು ಬ್ಯಾಡ, ಅರಿಬಿ ಒಗದ ಸೋಪಿನ ನೀರು ಬ್ಯಾಡ," ಎಂದು ಮೋತಿಬಿ ಗೊಣಗುತ್ತಿದ್ದಳು. "ಅಕ್ಕಿ, ಬ್ಯಾಳಿ ತೊಳದದ್ದು ಹಾಕ್ತೀನಿ. ಆದ್ರ ಅದು ಎಷ್ಟಾಗತೈತಿ? ಗಂಟಲಾ ತೊಯ್ಯೂದಿಲ್ಲ."

ಇಳಿಹೊತ್ತಿನ ಅಸರ್ ನಮಾಜಿನ ಸಮಯ. ಉಸ್ಮಾನಸಾಬ ವಜೂ ಮಾಡಲೆಂದು ಬಚ್ಚಲುಕಲ್ಲಿನ ಮೇಲೆ ತಂಬಿಗೆ ಹಿಡಿದು ಕುಳಿತಿದ್ದ. ನಮಾಜಿಗೆ ಮೊದಲು ಕೈ, ಬಾಯಿ, ಮುಖ, ಕಾಲು ತೊಳೆಯುವ ನೀರು. ಅವನು ತಂಬಿಗೆ ಎತ್ತಿದವನು ಅದರ ನೀರನ್ನೇ ನೋಡಿದ.

"ಇದ್ರಾಗ ಸೋಪೂ ಇಲ್ಲ, ಸೋಡಾನೂ ಇಲ್ಲ," ಎಂದ. "ವಜೂದ ನೀರು ಗಟಾರಕ್ಕ ಹೋಗಬಾರದು ಅಂತ ನಮ್ಮ ಅಬ್ಬಾ ಅಂತಿದ್ರು. ಗಿಡದ ಬೇರಿಗೆ ಹೋದ್ರ ಛಲೋ ಅಲ್ಲೇನ?"

ತಾನೇ ಒಂದು ಚಪ್ಪಡಿ ಹೊತ್ತು ತಂದು ಮಡಿಯ ತಲೆಯಲ್ಲಿ ಹಾಕಿಕೊಂಡ. ಅಂದಿನಿಂದ ಅವನ ವಜೂ ರಾಜಗಿರಿಯ ಮುಂದೆಯೇ ನಡೆಯಿತು. ಮನೆಯವರ ಕೈ, ಮುಖ ತೊಳೆಯುವುದೂ ಅಲ್ಲೇ.

ಗುರುಸಿದ್ದವ್ವ ಗೋಡೆಯ ಮೇಲಿಂದ ನೋಡಿ, "ಇನ್ನ ಮ್ಯಾಲ ಒಂದು ಹೊತ್ತಿನ ನಮಾಜು ತಪ್ಪಿಸಿದ್ರೂ ಪಲ್ಲೆ ಬಾಡಿ ನಿಮ್ಮ ಗುಟ್ಟು ಹೇಳತೈತಿ ಉಸ್ಮಾನಣ್ಣಾ!" ಎಂದಳು. ಅವನು ಮುಖದ ನೀರು ಒರೆಸಿಕೊಳ್ಳುತ್ತ ನಕ್ಕುಬಿಟ್ಟ.

ಆಮೇಲೆ ಎಲ್ಲವೂ ಸುಸೂತ್ರವಾಯಿತೆಂದಲ್ಲ. ಚವಳಿಗೆ ಕಪ್ಪು ಹೇನು ಮುತ್ತಿತು. ತಣ್ಣಗಿನ ಬೂದಿ ಉದುರಿಸಿದರೂ ಅರ್ಧ ಗಿಡ ಹೋಯಿತು. ಆಮೇಲೆ ನೆಟ್ಟ ಬದನೆ ಹೂ ಬಿಟ್ಟಿತು, ಕಾಯಿ ಕಚ್ಚಲೇ ಇಲ್ಲ. ಉಳ್ಳಾಗಡ್ಡಿ, ಬಟಾಟಿಗೆ ಸಂತೆಗೇ ಹೋಗಬೇಕಾಯಿತು. ಆದರೆ ರಾಜಗಿರಿ ಚಿವುಟಿದಷ್ಟೂ ಚಿಗುರಿತು. ಮೆಂತೆ ಬಂತು. ಗೋಡೆಯ ಮೂಲೆಗೆ ನೆಟ್ಟ ನುಗ್ಗೆಯ ಕೊಂಬೆ ಕಣ್ಣೊಡೆಯಿತು.

ಪಲ್ಲೆ ಬಂದರೂ ದಿಲಶಾದ ತಿನ್ನಬೇಕಲ್ಲ! "ಹುಲ್ಲು ವಲ್ಲೆ," ಎಂದು ತುಟಿ ಬಿಗಿಹಿಡಿದಳು. ಮೋತಿಬಿ ಹೊಡೆಯಲಿಲ್ಲ, ಬೈಯಲಿಲ್ಲ. ಶುಕ್ರವಾರದ ಖೀಮಾದಲ್ಲಿ ಮೆಂತೆ ಹೆಚ್ಚಿ ಹಾಕಿದಳು. ಹುಡುಗಿ ತಾಟು ನೆಕ್ಕಿದಳು. ಮುಂದೆ ಬೇಳೆಯಲ್ಲಿ ರಾಜಗಿರಿ ಬೇಯಿಸಿ, ಮೆತ್ತಗೆ ಕಡೆದು, ಬಳ್ಳೊಳ್ಳಿ ಒಗ್ಗರಣೆ ಕೊಟ್ಟಳು. ಮೊದಲು ಎರಡು ತುತ್ತು, ಆಮೇಲೆ ನಾಲ್ಕು. ಕಡೆಗೆ, "ಹಸರ ಬ್ಯಾಳಿ ಮಾಡು ನಾನಿ," ಎಂದು ಹುಡುಗಿಯೇ ಕೇಳತೊಡಗಿದಳು.

ಒಂದು ಸಂಜೆ ಓಣಿಯ ಕೋಳಿಯೊಂದು ಮರಿ ಕಳೆದುಕೊಂಡು ಕೊಕ್ಕೊಕ್ಕೋ ಎಂದು ತಿರುಗುತ್ತಿತ್ತು. ಮೋತಿಬಿ ಬಗ್ಗಿ ಬಗ್ಗಿ ಹುಡುಕಿದಳು. ದಿಲಶಾದ ದೂರದಿಂದಲೇ ಬೆರಳು ಮಾಡಿದಳು. "ಅಲ್ಲೈತಿ ನೋಡು, ಕರೀ ಮರಿ, ಮೆಂತೆ ಬುಡಕ. ನಿನಗ ಕಾಣೂದಿಲ್ಲೇನ ನಾನಿ?" ಮೋತಿಬಿಗೆ ನಿಜವಾಗಿಯೂ ಕಾಣಿಸಿರಲಿಲ್ಲ. ಅವಳು ಹುಡುಕುವುದನ್ನು ಬಿಟ್ಟು ಬಂದು ಮಗುವನ್ನು ಅಪ್ಪಿಕೊಂಡಳು.

ಸಂಕ್ರಾಂತಿ ಮುಗಿದ ಮೇಲೆ ನರ್ಸಬಾಯಿ ಮತ್ತೆ ಓಣಿಗೆ ಬಂದಳು. ದಿಲಶಾದಳ ಕಣ್ಣು ನೋಡಿದಳು. ಕಲೆ ಮಾಸಿತ್ತು.

"ಭೇಷ್," ಎಂದಳು. "ಆದ್ರೂ ಐದು ವರ್ಷ ತುಂಬೂತನಕ ಆರು ತಿಂಗಳಿಗೊಮ್ಮೆ ಔಷಧಿ ತಪ್ಪಸಬ್ಯಾಡ್ರಿ. ಅದೂ ಬೇಕು, ಇದೂ ಬೇಕು. ಅಂದಂಗ, ಇಕೀ ತಮ್ಮ ಹೆಂಗದಾನ? ಮಗಳು ಹಾಲು ಕುಡಸತಾಳಲ್ಲ, ತಪ್ಪಲ ಪಲ್ಲೆ ತಿಂತಾಳಿಲ್ಲೋ?"

"ಎಲ್ಲೀ ತಪ್ಪಲ!" ಎಂದಳು ಮೋತಿಬಿ. "ಬಾಣಂತಿ ಮೈ. ತಪ್ಪಲ ತಿಂದ್ರ ಶೀತ ಆಗತೈತಿ, ಕೂಸಿಗೆ ಹೊಟ್ಟಿ ಜಾರತೈತಿ ಅಂತ ನಾನ ಬ್ಯಾಡಂದೀನಿ. ಹಾಲು ಬಿಡಸೂತನಕ ಮುಟ್ಟಬ್ಯಾಡ, ನಾ ಹೇಳೂತನಕ ಮುಟ್ಟಬ್ಯಾಡ ಅಂತ ಆಣಿ ತಗೊಂಡು ಕಳಿಸೀನಿ."

ನರ್ಸಬಾಯಿ ಚೀಲ ಕೆಳಗಿಟ್ಟಳು. "ತೊಳದು ಬೇಯಿಸಿದ ತಪ್ಪಲದಿಂದ ಕೂಸಿಗೆ ಏನೂ ಆಗೂದಿಲ್ಲ ಅವ್ವಾ. ತಾಯಿ ತಿಂದದ್ದ ಹಾಲಿನಾಗ ಕೂಸಿಗೆ ಹೋಗತೈತಿ. ತಾಯಿ ಒಣರೊಟ್ಟಿ ತಿಂದ್ರ ಕೂಸಿನ ಕಣ್ಣಿಗೆ ಏನ ಸಿಗಬೇಕು? ಆರು ತಿಂಗಳ ದಾಟಿತಂದ್ರ ಕೂಸಿಗೂ ಮೆತ್ತಗ ಅನ್ನ, ಬ್ಯಾಳಿ, ತಪ್ಪಲ ಹಚ್ಚಬೇಕು. ನೀವು ಹೇಳೂತನಕ ಮುಟ್ಟಬಾರದು ಅಂದ್ರಿ. ಹೇಳೀರೇನ?"

ಕೊರ್ಲಹಳ್ಳಿಯಲ್ಲಿ ಮಗಳು ತಾಯಿಯ ಮಾತು ಮೀರದೆ ಕುಳಿತಿರುವುದು ಮೋತಿಬಿಯ ಕಣ್ಣಿಗೆ ಕಟ್ಟಿತು. ಹೊಳೆಯ ದಂಡೆಯ ಊರು, ಬೇಕಾದಷ್ಟು ಪಲ್ಲೆ ಬೆಳೆಯುವ ಊರು. ಅಲ್ಲಿ ಕುಳಿತೂ ಅವಳು ಪಲ್ಲೆಯ ತಾಟು ದೂರ ಸರಿಸುತ್ತಿದ್ದಾಳೆ. ಇಲ್ಲಿ ತಾನು ಒಂದು ಹುಡುಗಿಯ ಕಣ್ಣಿನ ಮಾತು ಮುಚ್ಚಿಡಲು ಹೋಗಿ, ಅಲ್ಲಿಯ ಕೂಸಿನ ಕಣ್ಣು ಮರೆತುಬಿಟ್ಟಿದ್ದಳು.

"ಕಾಗದ ಬರೀರಿ," ಎಂದಳು ಗಂಡನಿಗೆ. "ಈಗ ಬರೀರಿ."

ಉಸ್ಮಾನಸಾಬ ಲಕೋಟೆ ತಂದ. ಅಂತರ್ದೇಶೀಯ ಪತ್ರ ಸಾಲದು, ಅದರೊಳಗೆ ಬೀಜ ಇಡುವಂತಿಲ್ಲ. ನೀಲಿ ಕಲೆಯ ಬೆರಳಲ್ಲಿ ಪೆನ್ನು ಹಿಡಿದು, "ಕಣ್ಣಿನ ಮಾತು ಬರೀಲೇನ, ಬಿಡ್ಲೇನ?" ಎಂದು ಕೇಳಿದ.

"ಬರೀರಿ. ಏನೂ ಬಿಡಬ್ಯಾಡ್ರಿ. ಕಣ್ಣು ಹೆಂಗ ಮಂಜಾತು, ಔಷಧಿ ಎಲ್ಲಿ ಕೊಟ್ರು, ನಾವು ಸೋಡಾ ನೀರು ಹಾಕಿ ಹೆಂಗ ಸುಟ್ಟಿವಿ, ಎಲ್ಲಾ ಬರೀರಿ. ಆಣಿ ಬಿಟ್ಟೀನಿ, ಇವತ್ತಿಂದ ತಪ್ಪಲ ತಿನ್ನು ಅಂತ ಮೊದಲ ಸಾಲಿನಾಗ ಬರೀರಿ. ಕಡೀಗೆ, ಇದನ್ನ ನಿಮ್ಮ ಅತ್ತಿ ಮುಂದ ಓದಿ ಹೇಳು ಅಂತ ಬರೀರಿ."

"ಅತ್ತಿ ಮುಂದನ?"

"ಹೂನ್ರಿ. ಅವರ ಓಣ್ಯಾಗೂ ಕೂಸು ಇರತಾವಲ್ಲ."

ಅಕ್ಕತಂಗಿಯರೇ, ಈ ಕಥೆ ಕೇಳುತ್ತಿರುವ ನಿಮ್ಮ ಮನೆಯಲ್ಲೂ ಒಂದು ಮಗು ಇರಬಹುದು. ಸಂಜೆ ಅದು ಎಡವಿದರೆ ಗದರಿಸುವ ಮೊದಲು ಕಣ್ಣು ನೋಡಿರಿ, ತಡಮಾಡದೆ ದವಾಖಾನೆಗೆ ಕರೆದೊಯ್ಯಿರಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಹಿತ್ತಲು ಇದ್ದವರು ಹಿತ್ತಲಲ್ಲಿ, ಇಲ್ಲದವರು ಒಡೆದ ಗಡಿಗೆಯಲ್ಲಿ ಒಂದು ಹಿಡಿ ಬೀಜ ಹಾಕಿರಿ. ಕೋಳಿ ಕೆದರುತ್ತದೆ, ಹುಳ ತಿನ್ನುತ್ತದೆ, ಒಂದೆರಡು ಸಲ ಒಣಗುತ್ತದೆ. ಹಾಗೆಂದು ಕೈ ಬಿಡಬೇಡಿರಿ. ಯಾಕೆ ಒಣಗಿತು ಎಂದು ಕುಳಿತು ನೋಡಿರಿ. ನಿಮ್ಮ ಮನೆಯ ಕಸುಬಿನ ಬಣ್ಣ, ಸೋಡಾ, ಸೋಪು, ಎಣ್ಣೆ ಗಿಡದ ಬುಡಕ್ಕೆ ಹೋಗದಂತೆ ಕಾಯಿರಿ. ಕೈ ತೊಳೆದ ನೀರು, ಕಾಳು ತೊಳೆದ ನೀರು ವ್ಯರ್ಥ ಮಾಡಬೇಡಿರಿ. ಬಾಣಂತಿಯ ತಾಟಿಗೂ ಪಲ್ಲೆ ಬಡಿಸಿರಿ. ನೀವು ಕಲಿತದ್ದನ್ನು ದೂರ ಇರುವ ನಿಮ್ಮ ಮಗಳಿಗೆ, ತಂಗಿಗೆ ಇವತ್ತೇ ತಿಳಿಸಿರಿ.

ಮೋತಿಬಿ ಲಕೋಟೆಯೊಳಗೆ ಚಿಟಿಕೆ ರಾಜಗಿರಿ ಬೀಜ ಇಟ್ಟು, ಅನ್ನದ ಅಗುಳಿನಿಂದ ಅಂಟಿಸಿದಳು. ಗಂಡನ ಕೈಗೆ ಕೊಡಲಿಲ್ಲ. ದಿಲಶಾದಳ ಕೈಹಿಡಿದು ತಾನೇ ಅಂಚೆ ಡಬ್ಬಿಯವರೆಗೆ ನಡೆದು ಹೋದಳು. ಕಾಗದ ಒಳಗೆ ಬಿದ್ದ ಸಪ್ಪಳ ಕೇಳಿಸುವವರೆಗೂ ಡಬ್ಬಿಯ ಬಾಯಿಂದ ಕೈ ತೆಗೆಯಲಿಲ್ಲ.